ಹತ್ತು ಸಾವಿರದ ಆಸುಪಾಸಿನಲ್ಲಿ ಆಕಾಶ: 10×50 ಬೈನಾಕ್ಯುಲರ್, ಫಸ್ಟ್‌ಸ್ಕೋಪ್ 76, ಟ್ರಾವೆಲ್ ಸ್ಕೋಪ್ 70

ಆನ್‌ಲೈನ್ ಅಂಗಡಿಯಲ್ಲಿ ‘ಟೆಲಿಸ್ಕೋಪ್’ ಎಂದು ಹುಡುಕಿದರೆ ಅಗ್ಗದ ಸಾಲಿನಲ್ಲಿ ಬೇಗ ಕಣ್ಣಿಗೆ ಬೀಳುವುದು 60 ಮಿ.ಮೀ. ಮಸೂರದ, 900 ಮಿ.ಮೀ. ಸಂಗಮದೂರದ (ಮಸೂರದಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ), ‘675×’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಪೆಟ್ಟಿಗೆ. ಲೆಕ್ಕದ ಮಟ್ಟಿಗೆ ಆ ಸಂಖ್ಯೆ ಸರಿಯೇ. 900ನ್ನು 4 ಮಿ.ಮೀ. ಐಪೀಸ್‌ನಿಂದ (ಕಣ್ಣಿಡುವ ಕಡೆಯ ಮಸೂರ) ಭಾಗಿಸಿದರೆ 225 ಬರುತ್ತದೆ, ಜೊತೆಗೆ ಕೊಟ್ಟಿರುವ 3× ಬಾರ್ಲೊ (ವರ್ಧನೆಯನ್ನು ಮೂರು ಪಟ್ಟು ಮಾಡುವ ಮಸೂರ) ಸೇರಿಸಿದರೆ 675. ಅದನ್ನು ಬಳಸಬಹುದು ಎಂದು ನಂಬಿಸುವುದೇ ಮೋಸ. ಟೆಲಿಸ್ಕೋಪ್ ತಡೆದುಕೊಳ್ಳುವ ವರ್ಧನೆ ಮಸೂರದ ವ್ಯಾಸಕ್ಕೆ ಕಟ್ಟುಬಿದ್ದಿದೆ. ಒಂದು ಮಿಲಿಮೀಟರಿಗೆ ಎರಡು ಪಟ್ಟು, ಅದೂ ಗಾಜು ಚೆನ್ನಾಗಿದ್ದು ಗಾಳಿ ಶಾಂತವಾಗಿದ್ದರೆ. 60 ಮಿ.ಮೀ.ಗೆ ಅದು 120×. ಅಲ್ಲಿಂದ ಮುಂದೆ ಚಿತ್ರ ಹಿಗ್ಗುತ್ತದೆ, ಮಂಕಾಗುತ್ತದೆ, ಹೊಸ ವಿವರ ಒಂದೂ ಬರುವುದಿಲ್ಲ. 1610ರಲ್ಲಿ ಗೆಲಿಲಿಯೊ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20× ವರ್ಧನೆಯಲ್ಲಿ.

ಹೆಸರಿಲ್ಲದ ಮಾದರಿಗಳ ನಿಜರೂಪ ಅವುಗಳ ಸಂಖ್ಯೆಯಲ್ಲೇ ಇರುತ್ತದೆ. 36050 ಎಂದರೆ 360 ಮಿ.ಮೀ. ಸಂಗಮದೂರ, 50 ಮಿ.ಮೀ. ಮಸೂರ. 76700 ಎಂದರೆ 76 ಮಿ.ಮೀ. ಕನ್ನಡಿ, 700 ಮಿ.ಮೀ. ಸಂಗಮದೂರ. ವ್ಯಾಸ ಮೊದಲೋ ಕೊನೆಯೋ ಎಂಬುದರಲ್ಲಿ ತಯಾರಕರಿಗೆ ಒಂದು ನಿಯಮವಿಲ್ಲ, ಆದರೆ ಎರಡರಲ್ಲಿ ಚಿಕ್ಕ ಸಂಖ್ಯೆಯೇ ವ್ಯಾಸ. ಮಿಕ್ಕಿದ್ದನ್ನು ಓದದಿದ್ದರೂ ನಷ್ಟವಿಲ್ಲ.

ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಪರಿಗಣಿಸಬಹುದಾದ ದಾರಿಗಳು ಮೂರು: ಒಳ್ಳೆಯ 10×50 ಬೈನಾಕ್ಯುಲರ್, ಮೇಜಿನ ಮೇಲಿಡುವ 76 ಮಿ.ಮೀ. ಕನ್ನಡಿ ಟೆಲಿಸ್ಕೋಪ್, 70 ಮಿ.ಮೀ. ಮಸೂರದ ಪುಟ್ಟ ಟೆಲಿಸ್ಕೋಪ್. ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಇಲ್ಲಿ ರೂಪಾಯಿ ಲೆಕ್ಕಕ್ಕಿಂತ ಗಾಜಿನ ಲೆಕ್ಕ ಹೆಚ್ಚು.

ಅದಕ್ಕೂ ಮೊದಲು ನಮ್ಮ ಆಕಾಶದ ಒಂದು ಗುಣ ತಿಳಿದಿರಬೇಕು. ಯುರೋಪು, ಅಮೆರಿಕದ ವಿಮರ್ಶೆಗಳಲ್ಲಿ ಅದು ಸಿಗುವುದಿಲ್ಲ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಇಲ್ಲಿ ಗ್ರಹಗಳು ಉತ್ತರ-ದಕ್ಷಿಣ ಗೆರೆ ದಾಟುವಾಗ ಎಷ್ಟೇ ತಗ್ಗಿನಲ್ಲಿದ್ದರೂ 50 ಡಿಗ್ರಿಗಿಂತ ಮೇಲಿರುತ್ತವೆ. ಬೀದರಿನಲ್ಲಿ ನಿಂತರೂ 45ಕ್ಕಿಂತ ಕೆಳಗಿಳಿಯುವುದಿಲ್ಲ. ಗುರು ಮಿಥುನದಲ್ಲಿದ್ದಾಗ ನೆತ್ತಿಯ ಹತ್ತಿರವೇ ಹಾದುಹೋಗುತ್ತಾನೆ. ನೋಟಕ್ಕೆ ಇದು ವರ, ಏಕೆಂದರೆ ಬೆಳಕು ಕಡಿಮೆ ಗಾಳಿಯ ಮೂಲಕ ಬರುತ್ತದೆ. ಸಾಧನಕ್ಕೆ ಮಾತ್ರ ಪರೀಕ್ಷೆ. ಅಗ್ಗದ ಟ್ರೈಪಾಡ್, ಅಗ್ಗದ ಕೋನಕನ್ನಡಿ (ಬೆಳಕನ್ನು ಐಪೀಸ್‌ನತ್ತ ಬಾಗಿಸುವ ತುಂಡು), ಅಗ್ಗದ ಈಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗುವ ಪೀಠ) ಎಲ್ಲವೂ ಸೋಲುವುದು ನೆತ್ತಿಯತ್ತ ತಿರುಗಿಸಿದಾಗಲೇ. ಈ ವಿಮರ್ಶೆಯಲ್ಲಿ ಅಂಕ ಕೊಡುವಾಗ ಮೊದಲು ನೋಡಿದ್ದು ಅದನ್ನೇ: ನೆತ್ತಿಯ ಮೇಲಿನ ಗುರುವನ್ನು ಇದು ಕುತ್ತಿಗೆ ಮುರಿಯದೆ, ನಡುಗದೆ ತೋರಿಸುತ್ತದೆಯೇ?

10×50 ಬೈನಾಕ್ಯುಲರ್

ಮೊದಲ ಖರೀದಿ ಇದೇ ಆಗಿರಲಿ. ನಿಕಾನ್ ಅಕ್ಯುಲಾನ್ ಎ211 10×50 ಮತ್ತು ಒಲಿಂಪಸ್ 10×50 ಡಿಪಿಎಸ್ ಐ ಈ ದರ್ಜೆಯ ಎರಡು ನಂಬಿಕಸ್ಥ ಮಾದರಿಗಳು. ಎರಡರದ್ದೂ ನೋಟದ ಹರವು 6.5 ಡಿಗ್ರಿ, ಅಂದರೆ ಪೂರ್ಣಚಂದ್ರರನ್ನು ಸಾಲಾಗಿ ನಿಲ್ಲಿಸಿದರೆ ಹದಿಮೂರು. ತೂಕ ನಿಕಾನ್‌ಗೆ ಸುಮಾರು 900 ಗ್ರಾಂ, ಒಲಿಂಪಸ್‌ಗೆ ಸುಮಾರು 855 ಗ್ರಾಂ. ಗಾಜಿನ ಗುಣದಲ್ಲಿ ರಾತ್ರಿ ಎದ್ದು ಕಾಣುವ ಅಂತರವಿಲ್ಲ. ಯಾವುದು ಕಡಿಮೆಗೆ ಸಿಗುತ್ತದೋ ಅದನ್ನು ತೆಗೆದುಕೊಳ್ಳಬಹುದು.

ಎರಡಕ್ಕೂ ಒಂದೇ ಕೊರತೆ ಇದೆ. ಐಪೀಸ್‌ನಿಂದ ಕಣ್ಣು ಇರಬೇಕಾದ ದೂರ ಸುಮಾರು 12 ಮಿ.ಮೀ. ಮಾತ್ರ. ಕನ್ನಡಕ ಹಾಕಿಕೊಂಡೇ ನೋಡಿದರೆ ಅಂಚಿನ ಹರವು ಕಳೆದುಹೋಗುತ್ತದೆ. ಬರೀ ದೂರದೃಷ್ಟಿ ಅಥವಾ ಸಮೀಪದೃಷ್ಟಿ ಇದ್ದವರು ಕನ್ನಡಕ ತೆಗೆದು ಫೋಕಸ್ ಚಕ್ರ ತಿರುಗಿಸಿದರೆ ಸಾಕು. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಸಂಖ್ಯೆ ದೊಡ್ಡದಿದ್ದರೆ ಮಾತ್ರ ಫೋಕಸ್‌ನಿಂದ ಅದು ಸರಿಹೋಗದು, ನಕ್ಷತ್ರಗಳು ಗೆರೆಗೆರೆಯಾಗಿ ಕಾಣುತ್ತವೆ. ಅಂಥವರು ಕಣ್ಣಿನ ದೂರ ಹೆಚ್ಚಿರುವ ಮಾದರಿಯನ್ನೇ ಹುಡುಕಬೇಕು. ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ಕೊಳ್ಳುವವರು ಮರೆಯುತ್ತಾರೆ. ಇಷ್ಟು ದೊಡ್ಡ ಬೈನಾಕ್ಯುಲರ್‌ನ ಎರಡು ಐಪೀಸ್‌ಗಳ ನಡುವಿನ ದೂರ ಸಾಮಾನ್ಯವಾಗಿ 56 ಮಿ.ಮೀ.ಗಿಂತ ಕಡಿಮೆಗೆ ಮಡಚುವುದಿಲ್ಲ. ಚಿಕ್ಕ ಮಕ್ಕಳ ಕಣ್ಣುಗಳ ಅಂತರ ಅದಕ್ಕಿಂತ ಕಡಿಮೆ. ಅವರಿಗೆ ಒಂದು ಕಣ್ಣಿನಲ್ಲಿ ಕತ್ತಲೆಯೇ ಗತಿ.

ಸಂಖ್ಯೆಗಳ ಬಗ್ಗೆ: 50ನ್ನು 10ರಿಂದ ಭಾಗಿಸಿದರೆ ಬರುವ 5 ಮಿ.ಮೀ. ಎಂಬುದು ಐಪೀಸ್‌ನಿಂದ ಹೊರಬರುವ ಬೆಳಕಿನ ವೃತ್ತದ ವ್ಯಾಸ. ಕತ್ತಲಲ್ಲಿ ಹರೆಯದ ಕಣ್ಣಿನ ಪಾಪೆ 7 ಮಿ.ಮೀ.ವರೆಗೆ ಹಿಗ್ಗಬಹುದು, ನಡುವಯಸ್ಸಿಗೆ 5ರ ಸುಮಾರಿಗೆ ಇಳಿಯುತ್ತದೆ. ಆದ್ದರಿಂದ 7×50 ತೆಗೆದುಕೊಂಡರೆ ಹಲವರಿಗೆ ಹೊರಬಂದ ಬೆಳಕಿನ ಒಂದು ಪಾಲು ಕಣ್ಣಿನೊಳಗೆ ಹೋಗುವುದೇ ಇಲ್ಲ, ಊರಿನ ಬೆಳಕಿನಲ್ಲಿ ಆಕಾಶವೂ ಬೂದು ಕಾಣುತ್ತದೆ. 20×50 ಎಂದರೆ ಕೈನಡುಕವೂ 20 ಪಟ್ಟು. ‘10–30×50’ ರೀತಿಯ ಜೂಮ್ ಮಾದರಿಗಳು ಬೇಡವೇ ಬೇಡ. ಅವುಗಳಲ್ಲಿ ಎರಡು ಕೊಳವೆಗಳ ಜೂಮ್ ಒಟ್ಟಿಗೆ ಸಾಗದೆ ಚಿತ್ರ ಎರಡಾಗುತ್ತದೆ.

ಹೆಸರಿಲ್ಲದ ‘50 ಮಿ.ಮೀ.’ ಬೈನಾಕ್ಯುಲರ್ ನಿಜಕ್ಕೂ 50 ಇದೆಯೇ ಎಂದು ಕಂಡುಹಿಡಿಯಲು ಒಂದು ಸ್ಕೇಲು ಸಾಕು. ಹಗಲಲ್ಲಿ ಸೂರ್ಯನಿಗೆ ಬೆನ್ನು ಮಾಡಿ, ಬೆಳಗಿದ ಬಿಳಿ ಗೋಡೆಯತ್ತ ಬೈನಾಕ್ಯುಲರ್ ತಿರುಗಿಸಿ, ಐಪೀಸ್‌ನ ಹಿಂದೆ ಟ್ರೇಸಿಂಗ್ ಕಾಗದ ಹಿಡಿದು ಹಿಂದೆಮುಂದೆ ಸರಿಸಿದರೆ ಒಂದು ಕಡೆ ಬೆಳಕಿನ ವೃತ್ತ ಚೂಪಾಗಿ ಮೂಡುತ್ತದೆ. ಅದರ ವ್ಯಾಸವನ್ನು ವರ್ಧನೆಯಿಂದ ಗುಣಿಸಿ. 3.5 ಮಿ.ಮೀ. ಬಂದರೆ ದುಡಿಯುತ್ತಿರುವುದು 35 ಮಿ.ಮೀ. ಮಾತ್ರ, ಉಳಿದ ಗಾಜು ಅಲಂಕಾರಕ್ಕೆ. ವೃತ್ತದ ಬದಿಗಳು ಕತ್ತರಿಸಿದಂತೆ ವಜ್ರಾಕಾರ ಕಂಡರೆ ಒಳಗೆ ಬೆಳಕನ್ನು ತಿರುಗಿಸುವ ಪ್ರಿಸಮ್ ಕಳಪೆ ಗಾಜಿನದು ಅಥವಾ ಚಿಕ್ಕದು ಎಂದರ್ಥ. ಮುಂದಿನ ಮಸೂರದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಮಂಕಾದ ಹಸಿರು ಇಲ್ಲವೇ ನೇರಳೆ ಇದ್ದರೆ ಲೇಪನವಿದೆ, ಪ್ರಖರ ಬಿಳಿ ಇದ್ದರೆ ಇಲ್ಲ. ಮಸೂರ ಕೆಂಪು ಕನ್ನಡಿಯಂತೆ ಹೊಳೆಯುವ ‘ರೂಬಿ’ ಬೈನಾಕ್ಯುಲರ್‌ಗಳು ಕೆಂಪು ಬೆಳಕನ್ನು ವಾಪಸ್ ಅಟ್ಟುತ್ತವೆ. ಆಕಾಶಕ್ಕೆ ಅವು ನಿರುಪಯೋಗಿ.

ಒಳ್ಳೆಯ ಕಂಪನಿಯದಾದರೂ ಸಾಗಣೆಯಲ್ಲಿ ಪೆಟ್ಟು ತಿಂದಿದ್ದರೆ ಎರಡು ಕೊಳವೆಗಳ ದೃಷ್ಟಿ ಬೇರೆಬೇರೆ ಕಡೆಗೆ ಹೋಗಿರುತ್ತದೆ. ಪೆಟ್ಟಿಗೆ ಬಂದ ದಿನವೇ ಇದನ್ನು ಪರೀಕ್ಷಿಸಿ. ದೂರದ ವಿದ್ಯುತ್ ತಂತಿಯನ್ನೋ ತಾರಸಿಯ ಅಂಚನ್ನೋ ಗುರಿಯಾಗಿಸಿ, ನೋಡುತ್ತಲೇ ಬೈನಾಕ್ಯುಲರನ್ನು ಕಣ್ಣಿನಿಂದ ನಿಧಾನವಾಗಿ ಒಂದು ಗೇಣು ದೂರ ಸರಿಸಿ. ಎರಡೂ ವೃತ್ತಗಳಲ್ಲಿ ತಂತಿ ಒಂದೇ ಎತ್ತರದಲ್ಲಿ ಇರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಂಡರೆ ಯೋಚಿಸದೆ ಹಿಂತಿರುಗಿಸಿ. ಅಡ್ಡಡ್ಡ ತಪ್ಪಿದ್ದರೆ ಕಣ್ಣು ಒಂದಷ್ಟು ಹೊಂದಿಸಿಕೊಳ್ಳುತ್ತದೆ, ಮೇಲೆಕೆಳಗಿನ ತಪ್ಪನ್ನು ಹೊಂದಿಸಿಕೊಳ್ಳಲಾರದು. ಹತ್ತು ನಿಮಿಷದಲ್ಲಿ ತಲೆನೋವು ಶುರುವಾಗುವುದು ಅದರಿಂದಲೇ.

ಫೋಕಸ್ ಮಾಡುವ ಕ್ರಮವನ್ನು ಕೈಪಿಡಿಗಳು ಹೇಳಿದರೂ ಯಾರೂ ಓದುವುದಿಲ್ಲ. ಬಲಗೊಳವೆಯ ಮುಂದೆ ಮುಚ್ಚಳ ಹಾಕಿ, ಎರಡೂ ಕಣ್ಣು ತೆರೆದೇ ಇಟ್ಟು, ನಡುವಿನ ಚಕ್ರದಿಂದ ಎಡಗಣ್ಣಿಗೆ ನಕ್ಷತ್ರವನ್ನು ಚುಕ್ಕಿಯಾಗಿಸಿ. ಮುಚ್ಚಳವನ್ನು ಎಡಗೊಳವೆಗೆ ಬದಲಿಸಿ, ಈಗ ನಡುವಿನ ಚಕ್ರ ಮುಟ್ಟದೆ ಬಲ ಐಪೀಸ್‌ನ ಉಂಗುರ ಮಾತ್ರ ತಿರುಗಿಸಿ. ಆ ಉಂಗುರದ ಗುರುತು ಎಲ್ಲಿ ನಿಂತಿತೆಂದು ನೆನಪಿಟ್ಟುಕೊಂಡರೆ ಮುಂದೆ ನಡುವಿನ ಚಕ್ರವೊಂದೇ ಸಾಕು.

ಇನ್ನು ನೆತ್ತಿಯ ಪ್ರಶ್ನೆ. ಈ ಬೈನಾಕ್ಯುಲರ್‌ಗಳಲ್ಲಿ ನಡುಗೀಲಿನ ಮುಂತುದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ಕಾಲು ಇಂಚಿನ ತಿರುಪುಗಣ್ಣು ಸಿಗುತ್ತದೆ. ‘ಎಲ್’ ಆಕಾರದ ಅಡಾಪ್ಟರ್ ಹಾಕಿ ಕ್ಯಾಮೆರಾ ಟ್ರೈಪಾಡಿಗೆ ಕೂರಿಸಬಹುದು. ಮೊಬೈಲ್‌ಗೆಂದು ಮಾಡಿದ ಟ್ರೈಪಾಡ್ ಈ ಭಾರ ಹೊರುವುದಿಲ್ಲ. 45 ಡಿಗ್ರಿವರೆಗಿನ ಆಕಾಶಕ್ಕೆ ಈ ಏರ್ಪಾಡು ಚೆನ್ನ. ಅದಕ್ಕಿಂತ ಮೇಲಕ್ಕೆ ಟ್ರೈಪಾಡಿನ ಕಾಲು ಎದೆಗೆ ತಾಗುತ್ತದೆ, ಕುತ್ತಿಗೆ ಹಿಂದಕ್ಕೆ ಮುರಿಯಬೇಕು. ಅಲ್ಲಿಗೆ ಚಾಪೆಯೇ ಸರಿ. ತಲೆದಿಂಬು ಇಟ್ಟು ಮಲಗಿ, ಐಪೀಸ್‌ಗಳನ್ನು ಹುಬ್ಬಿನ ಮೂಳೆಗೆ ಆನಿಸಿ, ಕೈಗಳನ್ನು ಕೊಳವೆಯ ಮುಂತುದಿಯಲ್ಲಿ ಹಿಡಿದರೆ ನಡುಕ ಅರ್ಧಕ್ಕಿಳಿಯುತ್ತದೆ. ಖರ್ಚು ಸೊನ್ನೆ.

ಕಾಣುವುದೇನು? ಕೃತ್ತಿಕೆ ಪೂರ್ತಿ ಒಂದೇ ನೋಟದಲ್ಲಿ, ಸುತ್ತಲೂ ಜಾಗ ಬಿಟ್ಟು. ಟೆಲಿಸ್ಕೋಪಿಗಿಂತ ಇದರಲ್ಲೇ ಅದು ಚೆಂದ. ಮಹಾವ್ಯಾಧನ ಕತ್ತಿಯಲ್ಲಿನ ನೀಹಾರಿಕೆ, ಕರ್ಕದ ಪುಷ್ಯ ಗುಚ್ಛ, ವೃಶ್ಚಿಕದ ಬಾಲದ ಬಳಿ ಎಂ6 ಮತ್ತು ಎಂ7 ನಕ್ಷತ್ರಗುಚ್ಛಗಳು. ನವೆಂಬರ್-ಡಿಸೆಂಬರ್ ಸಂಜೆ ದೇವಯಾನಿ ಗೆಲಾಕ್ಸಿ ಉದ್ದನೆಯ ಮಸುಕು ಬೆಳಕಾಗಿ. ಉತ್ತರದ ದೇಶಗಳವರು ಹೊಟ್ಟೆಕಿಚ್ಚು ಪಡಬೇಕಾದದ್ದು ಒಮೇಗಾ ಸೆಂಟಾರಿಗೆ. ಕಿನ್ನರ ಪುಂಜದ ಈ ಗೋಳಗುಚ್ಛ ಬೆಂಗಳೂರಿನಿಂದ ದಕ್ಷಿಣದಲ್ಲಿ 29 ಡಿಗ್ರಿ ಮೇಲೇರುತ್ತದೆ. ಮೇ ಮಧ್ಯದಲ್ಲಿ ರಾತ್ರಿ ಹತ್ತರ ನಂತರ ನೋಡಿದರೆ ನಕ್ಷತ್ರವಲ್ಲದ ದುಂಡು ಮಂಜಿನುಂಡೆ ಸ್ಪಷ್ಟ. ಗುರುವಿನ ಚಂದ್ರರು ಬೈನಾಕ್ಯುಲರನ್ನು ಅಲುಗದಂತೆ ಆನಿಸಿಟ್ಟರೆ ಕಾಣುತ್ತಾರೆ. ಶನಿಯ ಉಂಗುರ ಕಾಣುವುದಿಲ್ಲ. ಅದಕ್ಕಾಗಿಯೇ ಕೊಳ್ಳುವವರು ಮುಂದಿನ ಸಾಧನಕ್ಕೆ ಹೋಗಬೇಕು.

ಸೆಲೆಸ್ಟ್ರಾನ್ ಫಸ್ಟ್‌ಸ್ಕೋಪ್ 76

2009ರ ಅಂತರರಾಷ್ಟ್ರೀಯ ಖಗೋಳ ವರ್ಷಕ್ಕೆಂದು ಬಂದ ಈ ಪುಟ್ಟ ಟೆಲಿಸ್ಕೋಪ್ ಇನ್ನೂ ಮಾರಾಟದಲ್ಲಿದೆ. 76 ಮಿ.ಮೀ. ಕನ್ನಡಿ, 300 ಮಿ.ಮೀ. ಸಂಗಮದೂರ, ಒಟ್ಟು ತೂಕ ಎರಡು ಕಿಲೋ ಆಸುಪಾಸು. ಕೊಳವೆಯ ಮೇಲೆ ಖಗೋಳಜ್ಞರ ಹೆಸರುಗಳ ಅಚ್ಚು. ಒಂದೇ ತೋಳಿನ ಗುಂಡನೆಯ ಪೀಠ. ಮೇಜಿನ ಮೇಲಿಟ್ಟು ಕೈಯಿಂದ ತಳ್ಳಿದರೆ ಎತ್ತ ಬೇಕಾದರೂ ತಿರುಗುತ್ತದೆ. ಐಪೀಸ್ ಕೊಳವೆಯ ಬದಿಯಲ್ಲಿರುವುದರಿಂದ ಗುರು ನೆತ್ತಿಯ ಮೇಲಿದ್ದರೂ ನೋಡುವವರು ಕುರ್ಚಿಯಲ್ಲಿ ಕೂತು ನೇರಕ್ಕೆ ನೋಡಬಹುದು. ನಮ್ಮ ಅಕ್ಷಾಂಶಕ್ಕೆ ಹೇಳಿ ಮಾಡಿಸಿದ ರಚನೆ. ಈ ಬೆಲೆಯಲ್ಲಿ ನೆತ್ತಿಯ ಪರೀಕ್ಷೆಯನ್ನು ಪೂರ್ತಿ ಗೆದ್ದ ಟೆಲಿಸ್ಕೋಪ್ ಇದೊಂದೇ.

ಸೋಲುವುದು ಗಾಜಿನಲ್ಲಿ. ಕನ್ನಡಿ ಗೋಲೀಯ, ಬೆಳಕನ್ನೆಲ್ಲ ಒಂದೇ ಬಿಂದುವಿಗೆ ತರುವ ಪರವಲಯವಲ್ಲ. ಸಂಗಮದೂರ ಉದ್ದವಿದ್ದರೆ ಈ ವ್ಯತ್ಯಾಸ ನಗಣ್ಯ, ಎಫ್/4ರಲ್ಲಿ (ಸಂಗಮದೂರ ವ್ಯಾಸದ ನಾಲ್ಕೇ ಪಟ್ಟು) ಹಾಗಲ್ಲ. ಲೆಕ್ಕ ಹಾಕಿದರೆ ಅತ್ಯುತ್ತಮ ಫೋಕಸ್‌ನಲ್ಲೂ ಸುಮಾರು ಒಂದು ಬೆಳಕಿನ ತರಂಗದಷ್ಟು ದೋಷ ಉಳಿಯುತ್ತದೆ. ಚೂಪಾದ ಚಿತ್ರಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ ಕಾಲು ತರಂಗ. ಹಾಗಾಗಿ ವ್ಯಾಸದ ಪ್ರಕಾರ 150× ಎಳೆಯಬೇಕಾದ ಸ್ಕೋಪ್ 50–60×ಗೆ ಸುಸ್ತಾಗುತ್ತದೆ. 15ರಿಂದ 50×ವರೆಗೆ ಇದು ಒಳ್ಳೆಯ ಸಂಗಾತಿ ಎಂದುಕೊಂಡು ಕೊಂಡರೆ ನಿರಾಶೆಯಿಲ್ಲ.

ಇದಕ್ಕೊಂದು ಚಿಕ್ಕ ಉಪಾಯವಿದೆ. ದೋಷ ವ್ಯಾಸದ ನಾಲ್ಕನೇ ಘಾತದಲ್ಲಿ ಇಳಿಯುತ್ತದೆ. ಕಪ್ಪು ರಟ್ಟಿನಲ್ಲಿ ಸರಿಯಾಗಿ ನಡುವೆ 50 ಮಿ.ಮೀ. ತೂತು ಕೊರೆದು ಕೊಳವೆಯ ಬಾಯಿಗೆ ಕೂರಿಸಿದರೆ ಅದು ಕಾಲು ತರಂಗದೊಳಗೆ ಬರುತ್ತದೆ. ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ನಡುವಿನ ಚಿಕ್ಕ ಕನ್ನಡಿಯ ನೆರಳಿನ ಪಾಲೂ ದೊಡ್ಡದಾಗುತ್ತದೆ. ಆದ್ದರಿಂದ ಇದು ನೀಹಾರಿಕೆಗಳಿಗಲ್ಲ, ಬೆಳಕು ಧಾರಾಳವಾಗಿರುವ ಚಂದ್ರನಿಗೆ ಮತ್ತು ಗುರುವಿಗೆ. ಕುಳಿಗಳ ಅಂಚು ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಜೊತೆಗೆ ಬರುವ ಐಪೀಸ್‌ಗಳು 20 ಮಿ.ಮೀ. (15×) ಮತ್ತು 4 ಮಿ.ಮೀ. (75×). ಮೊದಲನೆಯದು ಹೈಗೆನ್ಸ್ ಎಂಬ ಎರಡು ಮಸೂರಗಳ ಹಳೆಯ ಮಾದರಿ, ಹರವು ಕಿರಿದು, ಕೆಲಸಕ್ಕೆ ಅಡ್ಡಿಯಿಲ್ಲ. ಎರಡನೆಯದನ್ನು ಪೆಟ್ಟಿಗೆಯಲ್ಲೇ ಬಿಡಿ. ನೋಡುವ ತೂತು ಸೂಜಿಮೊನೆಯಷ್ಟು, ರೆಪ್ಪೆ ಗಾಜಿಗೆ ತಾಗುತ್ತದೆ, ಎಫ್/4ರ ಅಗಲ ಬೆಳಕಿನ ಶಂಕುವನ್ನು ಆ ಸರಳ ಮಸೂರಗಳು ತಾಳವು. ‘ಟೆಲಿಸ್ಕೋಪ್ ಹಾಳಾಗಿದೆ, ಏನೂ ಕಾಣುವುದಿಲ್ಲ’ ಎನ್ನುವ ದೂರುಗಳ ಹಿಂದೆ ಎಷ್ಟೋ ಸಲ ಇರುವುದು ಈ 4 ಮಿ.ಮೀ. ಐಪೀಸ್‌ನಲ್ಲೇ ಶುರುಮಾಡಿದ ಉತ್ಸಾಹ. ಅದೃಷ್ಟಕ್ಕೆ ಐಪೀಸ್ ಕೂರುವ ಬಾಯಿ ಜಾಗತಿಕ ಅಳತೆಯದು, 1.25 ಇಂಚು. ಹಳೆಯ ಆಟಿಕೆ ಟೆಲಿಸ್ಕೋಪ್‌ಗಳ 0.965 ಇಂಚಿನದಲ್ಲ. 10 ಮಿ.ಮೀ. ಪ್ಲೋಸಲ್ (ನಾಲ್ಕು ಮಸೂರಗಳ ಐಪೀಸ್) ಹಾಕಿದರೆ 30×. 66 ಡಿಗ್ರಿ ಹರವಿನ, ಬಂಗಾರದ ಬಣ್ಣದ ಪಟ್ಟಿಯಿರುವ 6 ಮಿ.ಮೀ. ಐಪೀಸ್ ಹಾಕಿದರೆ 50×, ನಡುಭಾಗ ಚೂಪು, ಅಂಚು ಒಂದಷ್ಟು ಎಳೆದಂತೆ. ಒಂದನ್ನೇ ಕೊಳ್ಳುವುದಾದರೆ ಈ 6 ಮಿ.ಮೀ. ಇರಲಿ. ಅದರಲ್ಲಿ ಆಕಾಶದ 1.3 ಡಿಗ್ರಿ ಕಾಣುವುದರಿಂದ ಭೂಮಿಯ ತಿರುಗುವಿಕೆಗೆ ಗ್ರಹ ಒಂದು ತುದಿಯಿಂದ ಇನ್ನೊಂದಕ್ಕೆ ಜಾರಲು ಐದು ನಿಮಿಷ ಬೇಕು. ನಾಲ್ಕು ಜನ ಸರದಿಯಲ್ಲಿ ನೋಡಬಹುದು. 32 ಮಿ.ಮೀ. ಐಪೀಸ್‌ಗೆ ದುಡ್ಡು ಹಾಕಬೇಡಿ. ಹೊರಬರುವ ವೃತ್ತ 8 ಮಿ.ಮೀ. ಆಗುತ್ತದೆ, ಪಾಪೆ ಸಾಮಾನ್ಯವಾಗಿ ಅಷ್ಟು ಹಿಗ್ಗದು.

ಗುರಿ ನೋಡುವ ಫೈಂಡರ್ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಬೇರೆಯಾಗಿ ಮಾರುವ ಕಿಟ್‌ನಲ್ಲಿ ಬರುತ್ತದೆ. ಅದಕ್ಕೆ ಖರ್ಚು ಮಾಡುವ ಮೊದಲು ದಪ್ಪ ಸ್ಟ್ರಾ ಒಂದನ್ನು ಕೊಳವೆಗೆ ಸಮಾನಾಂತರವಾಗಿ ಎರಡು ಬದಿ ಅಂಟುವ ಟೇಪಿನಿಂದ ಅಂಟಿಸಿ ನೋಡಿ. ಹಗಲಲ್ಲಿ ದೂರದ ಮೊಬೈಲ್ ಟವರಿನ ತುದಿಯನ್ನು 20 ಮಿ.ಮೀ. ಐಪೀಸ್‌ನ ನಡುವಿಗೆ ತಂದು, ಅದೇ ತುದಿ ಸ್ಟ್ರಾದೊಳಗೆ ಕಾಣುವಂತೆ ಹೊಂದಿಸಿ ಗಟ್ಟಿಮಾಡಿ. 15×ನಲ್ಲಿ ಇಷ್ಟು ಸಾಕು. ಯಾವುದನ್ನೇ ಆಗಲಿ 15×ನಲ್ಲಿ ಹಿಡಿದು ನಡುವೆ ತಂದ ನಂತರವೇ ಐಪೀಸ್ ಬದಲಿಸಬೇಕು. ನೇರವಾಗಿ 50×ನಲ್ಲಿ ಹುಡುಕುವುದು ಕತ್ತಲ ಕೋಣೆಯಲ್ಲಿ ಬಿದ್ದ ಗುಂಡುಸೂಜಿ ಹುಡುಕಿದಂತೆ.

ಮೇಜಿನ ಮೇಲಿಡುವ ಸ್ಕೋಪ್ ಎಂದಮೇಲೆ ಮೇಜೂ ಅದರ ಭಾಗವೇ. ಪ್ಲಾಸ್ಟಿಕ್ ಕುರ್ಚಿ, ಮಡಚುವ ಟೀಪಾಯಿ ಬೇಡ, ಫೋಕಸ್ ಮುಟ್ಟಿದರೆ ಎರಡು ಸೆಕೆಂಡು ನಡುಗುತ್ತವೆ. ಕಲ್ಲುಬೆಂಚು, ಮನೆಮುಂದಿನ ಕಟ್ಟೆ, ಅಗಲ ಇದ್ದರೆ ತಾರಸಿಯ ಗೋಡೆ, ನೀರು ತುಂಬಿಸಿ ಮಗುಚದಂತೆ ಭಾರಮಾಡಿದ ಡ್ರಮ್ಮು, ಎಲ್ಲವೂ ಒಳ್ಳೆಯವು. ಮೇಲೆಕೆಳಗೆ ತಿರುಗುವ ಕೀಲಿನ ಗುಬ್ಬಿಯನ್ನು ಕೊಳವೆ ತಾನಾಗಿ ಜಾರದಷ್ಟು ಮಾತ್ರ ಬಿಗಿಮಾಡಿ. ಹೆಚ್ಚು ಬಿಗಿದರೆ ತಳ್ಳಿದಾಗ ಮೊದಲು ಅಲುಗದೆ ಆಮೇಲೆ ಒಮ್ಮೆಲೇ ಜಿಗಿಯುತ್ತದೆ.

ಕನ್ನಡಿಗಳ ಜೋಡಣೆ ಸಾಗಣೆಯಲ್ಲಿ ತಪ್ಪಿರಬಹುದು. ಬಳಕೆದಾರರು ಸರಿಪಡಿಸಬಹುದಾದದ್ದು ಕೊಳವೆಯ ಬಾಯಿಯ ಬಳಿಯ ಚಿಕ್ಕ ಓರೆಕನ್ನಡಿಯನ್ನು. ಐಪೀಸ್ ತೆಗೆದು, ಆ ಬಾಯಿಗೆ ನಟ್ಟನಡುವೆ ಎರಡು ಮಿ.ಮೀ. ತೂತು ಮಾಡಿದ ಮುಚ್ಚಳ ಹಾಕಿ, ಬೆಳಕಿರುವ ಕೋಣೆಯಲ್ಲಿ ಇಣುಕಿ ನೋಡಿ. ಓರೆಕನ್ನಡಿಯೊಳಗೆ ದೊಡ್ಡ ಕನ್ನಡಿಯ ಇಡೀ ವೃತ್ತ ಕಾಣಬೇಕು. ಒಂದು ಬದಿ ಕತ್ತರಿಸಿದ್ದರೆ ಓರೆಕನ್ನಡಿಯ ಹಿಂದಿನ ಮೂರು ಸಣ್ಣ ತಿರುಪುಗಳಲ್ಲಿ ಒಂದನ್ನು ಕಾಲು ಸುತ್ತು ಸಡಿಲಿಸಿ, ಎದುರಿನದನ್ನು ಅಷ್ಟೇ ಬಿಗಿಮಾಡಿ, ಮತ್ತೆ ನೋಡಿ. ಈ ಕೆಲಸ ಮಾಡುವಾಗ ಕೊಳವೆ ಅಡ್ಡವಾಗಿ ಮಲಗಿರಲಿ. ನಿಲ್ಲಿಸಿದ್ದರೆ ಕೈಜಾರಿದ ಸ್ಕ್ರೂಡ್ರೈವರ್ ನೇರವಾಗಿ ದೊಡ್ಡ ಕನ್ನಡಿಯ ಮೇಲೇ ಬೀಳುತ್ತದೆ. ಕೊನೆಯ ಪರೀಕ್ಷೆ ನಕ್ಷತ್ರದ್ದು: ಹೊಳೆಯುವ ನಕ್ಷತ್ರವೊಂದನ್ನು ನಡುವೆ ಇಟ್ಟು ಫೋಕಸ್ ಸ್ವಲ್ಪ ತಪ್ಪಿಸಿದರೆ ಬೆಳಕಿನ ಬಳೆಯ ನಡುವಿನ ಕಪ್ಪು ಚುಕ್ಕೆ ಸರಿಯಾಗಿ ಕೇಂದ್ರದಲ್ಲಿರಬೇಕು. ಬಿಸಾಡಬೇಕೆಂದಿದ್ದ 4 ಮಿ.ಮೀ. ಐಪೀಸ್ ಇಲ್ಲಿ ಒಮ್ಮೆ ಉಪಯೋಗಕ್ಕೆ ಬರುತ್ತದೆ.

ಕೊಂಡ ವಾರದಲ್ಲೇ ಪರೀಕ್ಷಿಸಲು ಒಳ್ಳೆಯ ಗುರಿ ಸಪ್ತರ್ಷಿ ಮಂಡಲದ ವಸಿಷ್ಠ. ಅರುಂಧತಿ ಬರಿಗಣ್ಣಿಗೇ ಪಕ್ಕದಲ್ಲಿ ಕಾಣುವವಳು. ಮದುವೆಯಲ್ಲಿ ಪುರೋಹಿತರು ತೋರಿಸುವುದು ಅವಳನ್ನೇ. ವಸಿಷ್ಠನೇ ಎರಡು ನಕ್ಷತ್ರಗಳ ಜೋಡಿ, ನಡುವಿನ ಅಂತರ 14 ಕೋನಸೆಕೆಂಡು (ಒಂದು ಡಿಗ್ರಿಗೆ 3600 ಕೋನಸೆಕೆಂಡು). 50×ನಲ್ಲಿ ಫಸ್ಟ್‌ಸ್ಕೋಪ್ ಇವೆರಡನ್ನು ಬಿಡಿಸಿ ತೋರಿಸಬೇಕು. ತೋರಿಸದಿದ್ದರೆ ಜೋಡಣೆ ತಪ್ಪಿದೆ ಅಥವಾ ಫೋಕಸ್ ಸರಿಯಿಲ್ಲ. ಗುರುವಿನ ಎರಡು ಮುಖ್ಯ ಪಟ್ಟೆಗಳು ಗಾಳಿ ಶಾಂತವಾಗಿರುವ ರಾತ್ರಿ ಮಸುಕಾಗಿ ಕಾಣುತ್ತವೆ. ಶನಿಯ ಉಂಗುರ ಗ್ರಹದಿಂದ ಬೇರೆಯಾಗಿ ಕಾಣಲು ವರ್ಷವೂ ಕೂಡಿಬರಬೇಕು. 2025ರ ಮಾರ್ಚ್‌ನಲ್ಲಿ ಉಂಗುರಗಳು ಭೂಮಿಗೆ ಅಂಚು ತಿರುಗಿಸಿದ್ದವು, ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಿವೆ, ಅಗಲದ ತುದಿ ಮುಟ್ಟುವುದು 2032ರ ಸುಮಾರಿಗೆ. ಉಂಗುರ ಸಪೂರವಾಗಿ ಕಂಡರೆ ತಪ್ಪು ಸ್ಕೋಪಿನದಲ್ಲ.

ಸೆಲೆಸ್ಟ್ರಾನ್ ಟ್ರಾವೆಲ್ ಸ್ಕೋಪ್ 70

70 ಮಿ.ಮೀ. ಮಸೂರ, 400 ಮಿ.ಮೀ. ಸಂಗಮದೂರ, 20 ಮತ್ತು 10 ಮಿ.ಮೀ. ಐಪೀಸ್, ಅಂದರೆ 20× ಮತ್ತು 40×. ಜೊತೆಗೆ ಬೆನ್ನಿಗೆ ಹಾಕುವ ಚೀಲ, ಅಲ್ಯುಮಿನಿಯಂ ಟ್ರೈಪಾಡ್. ಹಗಲಲ್ಲಿ ಕೆರೆಯ ಹಕ್ಕಿ ನೋಡಲು ಚೆನ್ನಾಗಿದೆ, ಚಿತ್ರ ನೆಟ್ಟಗೆ ಕಾಣುತ್ತದೆ. ಐಪೀಸ್‌ಗಳು ಫಸ್ಟ್‌ಸ್ಕೋಪ್‌ನವಕ್ಕಿಂತ ವಾಸಿ. ಚಂದ್ರನ ಅಂಚಿಗೆ ನೇರಳೆ ಝಾಲರಿ ಕಟ್ಟುವುದು ಈ ಬಗೆಯ ಗಿಡ್ಡ ಮಸೂರಕ್ಕೆ ಸಹಜ, ಅದರಿಂದ ದೊಡ್ಡ ತೊಂದರೆಯಿಲ್ಲ. ತೊಂದರೆ ಟ್ರೈಪಾಡಿನದು. ಆ ಸಪೂರ ಕಾಲುಗಳ ಮೇಲೆ 40× ಗಾಳಿ ಬೀಸಿದರೂ ಕುಣಿಯುತ್ತದೆ. ಮನೆಯಲ್ಲಿ ಭಾರದ ಕ್ಯಾಮೆರಾ ಟ್ರೈಪಾಡ್ ಮೊದಲೇ ಇದ್ದರೆ ಮಾತ್ರ ಇದನ್ನು ಯೋಚಿಸಬಹುದು. ಜೊತೆಗೆ ಬರುವ ಕೋನಕನ್ನಡಿ 45 ಡಿಗ್ರಿಯದು, ನೆತ್ತಿಯತ್ತ ತಿರುಗಿಸಿದಾಗ ನೋಡುವವರು ಮಂಡಿಯೂರಿ ಕತ್ತು ಮೇಲೆತ್ತಬೇಕು. 90 ಡಿಗ್ರಿಯದನ್ನು ಬೇರೆ ಕೊಳ್ಳಬೇಕಾಗುತ್ತದೆ. ಇವೆರಡರ ಖರ್ಚು ಸೇರಿದರೆ ಅಗ್ಗ ಎಂಬ ಮಾತು ಉಳಿಯುವುದಿಲ್ಲ. ಆಕಾಶಕ್ಕಾಗಿ ಇದು ಮೂರನೆಯ ಆಯ್ಕೆ.

ಪಟ್ಟಿಯಲ್ಲಿ ಕಂಡರೂ ದಾಟಿಹೋಗಬೇಕಾದವು

127 ಮಿ.ಮೀ. ಕನ್ನಡಿ, 1000 ಮಿ.ಮೀ. ಸಂಗಮದೂರ ಎಂದು ಬರೆದು ಕೊಳವೆ ಮಾತ್ರ ಅರ್ಧ ಮೀಟರಿನ ಆಸುಪಾಸು ಇರುವ ಸ್ಕೋಪ್‌ಗಳು ಆಕರ್ಷಕ ಬೆಲೆಗೆ ಸಿಗುತ್ತವೆ. ಫೋಕಸರ್‌ನೊಳಗೆ ಅಡಗಿಸಿಟ್ಟ ಮಸೂರವೊಂದು ಸಂಗಮದೂರವನ್ನು ಹಿಗ್ಗಿಸುತ್ತಿರುತ್ತದೆ. ಅಗ್ಗದ ಮಾದರಿಗಳಲ್ಲಿ ಆ ಮಸೂರವೂ ಸಾಧಾರಣ, ಅದು ಇರುವಾಗ ಕನ್ನಡಿಗಳ ಜೋಡಣೆಯೂ ತಲೆನೋವು.

ಇನ್ನು ಈಕ್ವಟೋರಿಯಲ್ ಮೌಂಟ್. ಅದರ ಅಕ್ಷವನ್ನು ಧ್ರುವ ನಕ್ಷತ್ರದತ್ತ ತಿರುಗಿಸಬೇಕು. ಬೆಂಗಳೂರಿನಲ್ಲಿ ಧ್ರುವ ಇರುವುದು ದಿಗಂತದಿಂದ 13 ಡಿಗ್ರಿ ಮೇಲೆ, ಅಂದರೆ ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ. ಅಷ್ಟು ತಗ್ಗಿಸಿದಾಗ ಅಗ್ಗದ ಮೌಂಟಿನ ಭಾರದ ಗುಂಡು ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ, ಕೆಲವದರಲ್ಲಿ ಅಕ್ಷ ಅಷ್ಟು ಕೆಳಗಿಳಿಯುವುದೇ ಇಲ್ಲ. 40–50 ಡಿಗ್ರಿ ಅಕ್ಷಾಂಶದವರಿಗೆ ಮಾಡಿದ ವಸ್ತು. ಕಲಿಯುವವರಿಗೆ ಎಡಬಲ, ಮೇಲೆಕೆಳಗೆ ಅಷ್ಟೇ ತಿರುಗುವ ಸರಳ ಪೀಠವೇ ಲೇಸು.

ಬಜೆಟ್ ಇಪ್ಪತ್ತು ಸಾವಿರ ದಾಟುವುದಾದರೆ ಈ ವಿಮರ್ಶೆಯ ಬಹುಪಾಲು ಅಪ್ರಸ್ತುತ. ಸ್ಕೈವಾಚರ್ ಹೆರಿಟೇಜ್ 130ಪಿಯಂಥ 130 ಮಿ.ಮೀ., 650 ಮಿ.ಮೀ. ಪರವಲಯ ಕನ್ನಡಿಯ ಮೇಜಿನ ಸ್ಕೋಪ್ ಫಸ್ಟ್‌ಸ್ಕೋಪ್‌ನ ಮೂರು ಪಟ್ಟು ಬೆಳಕು ಹಿಡಿಯುತ್ತದೆ, 150× ತಾಳಬಲ್ಲದು, ನೆತ್ತಿಗೂ ಅಷ್ಟೇ ಸಲೀಸು. ಆರು ತಿಂಗಳು ಬೈನಾಕ್ಯುಲರ್‌ನಲ್ಲಿ ಆಕಾಶ ಕಲಿತು, ಉಳಿಸಿದ ದುಡ್ಡಿನಲ್ಲಿ ಇದಕ್ಕೆ ಜಿಗಿಯುವುದು 76ಕ್ಕಿಂತ ಜಾಣತನ. ಕಾಯುವ ತಾಳ್ಮೆ ಇಲ್ಲದ ಮಗು ಮನೆಯಲ್ಲಿದ್ದರೆ 76.

ಕೊಂಡ ಮೇಲೆ

ಪೆಟ್ಟಿಗೆಯಲ್ಲಿ ಐಪೀಸ್‌ಗೆ ತಿರುಗಿಸಿ ಹಾಕುವ ‘ಸನ್ ಫಿಲ್ಟರ್’ ಸಿಕ್ಕರೆ ಅಂದೇ ಒಡೆದು ಕಸಕ್ಕೆ ಹಾಕಿ. ಮಸೂರ ಒಟ್ಟುಮಾಡಿದ ಬಿಸಿಲೆಲ್ಲ ಆ ಪುಟ್ಟ ಗಾಜಿನ ಮೇಲೆ ಬೀಳುತ್ತದೆ, ಅದು ಬಿರಿದ ಕ್ಷಣದಲ್ಲೇ ಕಣ್ಣು ಹೋಗುತ್ತದೆ. ಸೂರ್ಯನಿಗೆ ಕೊಳವೆಯ ಬಾಯಿಯನ್ನೇ ಪೂರ್ತಿ ಮುಚ್ಚುವ, ಅದಕ್ಕೆಂದೇ ತಯಾರಾದ ಸೋಲಾರ್ ಫಿಲ್ಮ್ ಬೇಕು. ಎಕ್ಸ್‌ರೇ ಹಾಳೆ, ಸಿ.ಡಿ. ಯಾವುದೂ ಆಗದು.

ತಾರಸಿ ಅನುಕೂಲದ ಜಾಗ, ಒಳ್ಳೆಯ ಜಾಗವಲ್ಲ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಬಹಳ ಹೊತ್ತು ಬಿಸಿಗಾಳಿ ಬಿಡುತ್ತಿರುತ್ತದೆ, 50×ನಲ್ಲಿ ಗುರು ನೀರಿನೊಳಗೆ ಇದ್ದಂತೆ ಕದಡುತ್ತಾನೆ. ಸಂಜೆ ಎರಡು ಬಕೆಟ್ ನೀರು ಚೆಲ್ಲಿದರೆ ಒಂದಿಷ್ಟು ಶಮನ. ಹುಲ್ಲು, ಮಣ್ಣಿನ ಅಂಗಳ ಇದ್ದರೆ ಅಲ್ಲೇ ಇಡಿ. ಸ್ಕೋಪನ್ನು ಹದಿನೈದಿಪ್ಪತ್ತು ನಿಮಿಷ ಮೊದಲೇ ಹೊರಗಿಟ್ಟು ಗಾಳಿಯ ತಂಪಿಗೆ ತರಬೇಕು. ಕಣ್ಣು ಕತ್ತಲಿಗೆ ಒಗ್ಗಲು ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆ ಅವಧಿಯಲ್ಲಿ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಎರಡು ಪದರ ಕಟ್ಟಿಕೊಳ್ಳಿ. ಏನು ಎಲ್ಲಿದೆ ಎಂದು ಹಗಲಲ್ಲೇ ನೋಡಿಕೊಳ್ಳಲು ಉಚಿತ ಸ್ಟೆಲೇರಿಯಂ ತಂತ್ರಾಂಶ ಸಾಕು. ಕಂಪ್ಯೂಟರ್ ಆವೃತ್ತಿಯಲ್ಲಿ ನಿಮ್ಮ ಸ್ಕೋಪ್ ಮತ್ತು ಐಪೀಸ್‌ನ ಅಳತೆ ಕೊಟ್ಟರೆ ನೋಟದ ವೃತ್ತದಲ್ಲಿ ಯಾವುದು ಎಷ್ಟು ದೊಡ್ಡದಾಗಿ ಬರುತ್ತದೆಂದು ತೋರಿಸುತ್ತದೆ. ಖರೀದಿಗೂ ಮುಂಚೆಯೇ ಇದನ್ನು ಮಾಡಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನಲ್ಲಿ ಆಕಾಶವೂ ಇಲ್ಲ, ಗಾಜಿಗೆ ಕ್ಷೇಮವೂ ಇಲ್ಲ. ಪೆಟ್ಟಿಗೆಯ ಥರ್ಮೋಕೋಲಿನಲ್ಲೋ ಬಟ್ಟೆಚೀಲದಲ್ಲೋ ಮುಚ್ಚಿಟ್ಟ ಬೈನಾಕ್ಯುಲರ್‌ನ ಪ್ರಿಸಮ್ ಮೇಲೆ ಒಂದೇ ಮಳೆಗಾಲದಲ್ಲಿ ಬೂಷ್ಟು ಬಲೆ ಹೆಣೆಯಬಹುದು. ಅದು ಲೇಪನವನ್ನೇ ತಿನ್ನುವುದರಿಂದ ಒರೆಸಿದರೂ ಗುರುತು ಉಳಿಯುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ಆರ್ದ್ರತೆ ಮಾಪಕ ಇಡಿ. ಮುಳ್ಳು 45–50ರ ನಡುವೆ ಇರಲಿ, 60 ದಾಟಿದರೆ ಜೆಲ್ ಬದಲಿಸುವ ಹೊತ್ತು. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ತೇವ ಹೀರಿ ಬಣ್ಣ ಬದಲಾದಾಗ 120 ಡಿಗ್ರಿಯ ಓವನ್ನಿನಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಸಿದ್ಧ. ನೀಲಿಯದರಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ಅದನ್ನು ಅಡುಗೆಯ ಪಾತ್ರೆಯಲ್ಲಿ ಕಾಯಿಸಬಾರದು. ಇಬ್ಬನಿಗೆ ನೆನೆದ ಸಾಧನವನ್ನು ಮಾತ್ರ ನೇರವಾಗಿ ಡಬ್ಬದೊಳಗೆ ಹಾಕಬೇಡಿ. ಮುಚ್ಚಳ ತೆಗೆದು ಫ್ಯಾನಿನ ಗಾಳಿಗೆ ಒಂದು ಗಂಟೆ ಇಟ್ಟು, ಗಾಜು ಪೂರ್ತಿ ಆರಿದ ಮೇಲೆ ಒಳಗಿಡಿ.